ಗೋವಾದಿಂದ ನಡುಗಡಲಿಗೆ: ಕಡಲಹಕ್ಕಿ, ತಿಮಿಂಗಿಲ ನೋಡಲು ಹೊರಡುವವರಿಗೆ

ಗೋವಾದಲ್ಲಿ ‘ಡಾಲ್ಫಿನ್ ಟ್ರಿಪ್’ ಅಂದರೆ ಒಂದು ತಾಸಿನ ಸುತ್ತು. ಸಿಂಕ್ವೆರಿಮ್‌ನಿಂದಲೋ ಪಾಲೋಲೆಮ್‌ನಿಂದಲೋ ಹೊರಟ ದೋಣಿ ದಂಡೆ ಕಾಣುವಷ್ಟರಲ್ಲೇ ತಿರುಗಾಡಿ ವಾಪಸ್ ಬರುತ್ತದೆ. ಶಿಯರ್‌ವಾಟರ್, ಸ್ಟಾರ್ಮ್ ಪೆಟ್ರೆಲ್, ಸ್ಕುವಾ ಮುಂತಾದ ನಿಜವಾದ ಕಡಲಹಕ್ಕಿಗಳು ಆ ಸುತ್ತಿನಲ್ಲಿ ಸಿಗುವುದು ತೀರಾ ಅಪರೂಪ. ಅವುಗಳಿಗಾಗಿ ನಸುಕಿನಲ್ಲೇ ಹೊರಟು ಮೂವತ್ತು ಕಿಲೋಮೀಟರಾದರೂ ಒಳಗೆ ಹೋಗಬೇಕು, ಆರೇಳು ತಾಸು ನೀರಿನ ಮೇಲೆ ಕಳೆಯಬೇಕು. ವಾಸ್ಕೊ, ಪಣಜಿ, ಮಡಗಾಂವ್‌ನಲ್ಲಿರುವ ಕನ್ನಡಿಗರು ಎಂಟು-ಹತ್ತು ಜನ ಸೇರಿದರೆ, ಬೇಕಿದ್ದರೆ ಹುಬ್ಬಳ್ಳಿ-ಬೆಳಗಾವಿಯ ಗೆಳೆಯರನ್ನೂ ಕೂಡಿಸಿಕೊಂಡು, ದೋಣಿ ಬಾಡಿಗೆ ಹಿಡಿದು ಇದನ್ನು ತಾವೇ ಏರ್ಪಡಿಸಿಕೊಳ್ಳಬಹುದು. ಕೆಲಸದ ಅರ್ಧಕ್ಕಿಂತ ಹೆಚ್ಚು ದಂಡೆಯ ಮೇಲೆಯೇ ಮುಗಿಯಬೇಕು ಅನ್ನುವುದೊಂದು ನೆನಪಿರಲಿ.

ಮೊದಲು ನಿರೀಕ್ಷೆಯ ಮಾತು. ಡಾಲ್ಫಿನ್ ಬಹುತೇಕ ಖಾತ್ರಿ. ಮಾಂಡವಿ, ಜುವಾರಿ ನದಿಗಳ ಅಳಿವೆಯ ಆಸುಪಾಸಿನಲ್ಲಿ, ಇಪ್ಪತ್ತು ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ, ಬೆನ್ನ ಮೇಲೆ ಉದ್ದನೆಯ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ವರ್ಷವಿಡೀ ಇರುತ್ತವೆ. ತಿಮಿಂಗಿಲದ ಮಾತು ಬೇರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬ್ರೈಡ್ಸ್ ತಿಮಿಂಗಿಲ, ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್ ತಿಮಿಂಗಿಲ ಮೂರೂ ಓಡಾಡುತ್ತವೆ. 2017ರ ನವೆಂಬರ್‌ನಲ್ಲಿ ಒಮಾನಿನ ಬಳಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್ ಅರಬ್ಬೀ ಸಮುದ್ರವನ್ನು ಅಡ್ಡ ದಾಟಿ ಡಿಸೆಂಬರ್ ಹೊತ್ತಿಗೆ ಗೋವಾದ ಎದುರಿಗಿತ್ತು, ಆಮೇಲೆ ದಕ್ಷಿಣಕ್ಕೆ ಮನ್ನಾರ್ ಕೊಲ್ಲಿಯವರೆಗೂ ಹೋಯಿತು. ಅಂದರೆ ತಿಮಿಂಗಿಲಗಳು ಇವೆ. ಒಂದು ಬೆಳಗಿನ ದೋಣಿಗೆ ಎದುರಾಗುವುದು ಮಾತ್ರ ಅದೃಷ್ಟ. ಹಕ್ಕಿಗಾಗಿ ಹೋಗಿ, ತಿಮಿಂಗಿಲ ಕಂಡರೆ ಅದು ಹೆಚ್ಚುವರಿ ಲಾಭ ಅಂದುಕೊಳ್ಳಿ. ತಿಮಿಂಗಿಲ ತೋರಿಸುತ್ತೇವೆ ಎಂದು ಮಾತು ಕೊಟ್ಟು ಜನ ಸೇರಿಸಬೇಡಿ.

ಯಾವ ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಆ ಕಡಲಿಗೆ ಇಳಿಯುವ ಯೋಚನೆಯೇ ಬೇಡ. ಆಗಸ್ಟ್‌ನಲ್ಲೂ ಅಲೆ ಇಳಿದಿರುವುದಿಲ್ಲ. ಒಳ್ಳೆಯ ಕಾಲ ಎರಡು: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಒಂದು, ಏಪ್ರಿಲ್ ನಡುವಿನಿಂದ ಮೇ ಮೂರನೇ ವಾರದವರೆಗೆ ಇನ್ನೊಂದು. ಈ ಎರಡೂ ಹೊತ್ತಿನಲ್ಲಿ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್, ಫ್ಲೆಶ್-ಫುಟೆಡ್ ಶಿಯರ್‌ವಾಟರ್, ಪರ್ಷಿಯನ್ ಶಿಯರ್‌ವಾಟರ್, ಬ್ರೈಡಲ್ಡ್ ಟರ್ನ್, ಸ್ಕುವಾಗಳು ನಮ್ಮ ಕಡಲಿನಲ್ಲಿ ಸಂಚಾರದಲ್ಲಿರುತ್ತವೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕಡಲು ಬಲು ಶಾಂತ, ಅಲೆಗೆ ಅಂಜುವವರಿಗೂ ಮಕ್ಕಳಿಗೂ ಅದೇ ಸರಿ. ಆದರೆ ಆಗ ಪೆಟ್ರೆಲ್, ಶಿಯರ್‌ವಾಟರ್ ಕಡಿಮೆ. ಟ್ರಾಲರ್ ಹಿಂದೆ ಗಲ್‌ಗಳ ಹಿಂಡು, ಅವುಗಳ ಬಾಯಿಂದ ಮೀನು ಕಸಿಯುವ ಸ್ಕುವಾ, ನೊರೆಗೆರೆಯ ಮೇಲೆ ತೇಲುವ ಕೆಂಪುಕತ್ತಿನ ಫ್ಯಾಲರೋಪ್ ಇಷ್ಟು ಸಿಗುತ್ತವೆ. ಮೊದಲ ಸಲ ಹೋಗುವವರು ಅಕ್ಟೋಬರ್ ಕೊನೆಯ ವಾರಗಳನ್ನು ಹಿಡಿಯಲಿ ಅನ್ನುವುದು ನಮ್ಮ ಸಲಹೆ. ಅಲೆ ಇಳಿದಿರುತ್ತದೆ, ಹಕ್ಕಿಗಳು ಇನ್ನೂ ಪೂರ್ತಿ ಹೋಗಿರುವುದಿಲ್ಲ.

ದಿನ ಗೊತ್ತು ಮಾಡುವಾಗ ಒಂದು ಬದಲಿ ದಿನವನ್ನೂ ಎಲ್ಲರೂ ಬಿಡುವಿಟ್ಟುಕೊಳ್ಳಬೇಕು. ಇದಿಲ್ಲದಿದ್ದರೆ, ರಜೆ ಹಾಕಿ ಬಂದಿದ್ದೇವಲ್ಲ ಎಂಬ ಒಂದೇ ಕಾರಣಕ್ಕೆ ಕೆಟ್ಟ ಹವೆಯಲ್ಲಿ ಹೊರಡುವ ಒತ್ತಡ ಬರುತ್ತದೆ. ಕಡಲಿನ ಬಹಳಷ್ಟು ಅನಾಹುತಗಳ ಬೇರು ಅಲ್ಲೇ ಇರುತ್ತದೆ.

ಅಲೆ, ಗಾಳಿ, ಅಳಿವೆ

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಸ್ಥಿತಿಯ ಮುನ್ಸೂಚನೆಯನ್ನು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಮೂರು ದಿನ ಮೊದಲಿನಿಂದ ಅದನ್ನು ನೋಡುತ್ತ ಬನ್ನಿ. ಜೊತೆಗೆ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಓದಿ. ಕಡಲಿಗಿಳಿಯಬೇಡಿ ಎಂದಿದ್ದರೆ ಅಲ್ಲಿಗೆ ಮುಗಿಯಿತು, ಮರುಮಾತಿಲ್ಲ. ಅಲೆ ಒಂದು ಮೀಟರ್ ಒಳಗೆ, ಗಾಳಿ ಹತ್ತು ನಾಟ್ (ತಾಸಿಗೆ ಸುಮಾರು 18 ಕಿಲೋಮೀಟರ್) ಒಳಗೆ ಇದ್ದರೆ ಹಾಯಾಗಿ ಹೋಗಿ ಬರಬಹುದು. ಒಂದೂವರೆ ಮೀಟರ್‌ಗೆ ಅರ್ಧ ಜನ ವಾಂತಿ ಮಾಡಿಕೊಳ್ಳುತ್ತಾರೆ, ಬೈನಾಕ್ಯುಲರ್ ನಿಲ್ಲುವುದಿಲ್ಲ. ಎರಡು ಮೀಟರ್ ತೋರಿಸಿದರೆ ಮುಂದೂಡಿ.

ಎತ್ತರವೊಂದನ್ನೇ ನೋಡಿದರೆ ಸಾಲದು. ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಸೆಕೆಂಡುಗಳನ್ನೂ ಆ ಮುನ್ಸೂಚನೆ ಹೇಳುತ್ತದೆ. ದೂರದಿಂದ ಬರುವ, ಹನ್ನೆರಡು ಸೆಕೆಂಡಿಗೊಮ್ಮೆ ಎತ್ತಿ ಇಳಿಸುವ ಒಂದು ಮೀಟರ್ ಅಲೆ ದೋಣಿಗೆ ಲೆಕ್ಕಕ್ಕಿಲ್ಲ. ಅಲ್ಲೇ ಗಾಳಿಗೆ ಎದ್ದು ನಾಲ್ಕೈದು ಸೆಕೆಂಡಿಗೊಮ್ಮೆ ಬಡಿಯುವ ಒಂದು ಮೀಟರ್ ಅಲೆ ಸೊಂಟ ಮುರಿಯುತ್ತದೆ. ಗೋವಾದಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ತೆಳುಗಾಳಿ, ಹನ್ನೆರಡು ಗಂಟೆಯ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ನೀರೆಲ್ಲ ಬಿಳಿ ನೊರೆ. ಅದಕ್ಕೇ ಆರಕ್ಕೆ ಹೊರಟು ಒಂದರೊಳಗೆ ದಂಡೆ ಮುಟ್ಟುವ ಲೆಕ್ಕ. ಬೆಳಗ್ಗೆ ಪಡುವಣಕ್ಕೆ ಹೋಗುವಾಗ ಸೂರ್ಯ ಬೆನ್ನಿಗಿರುವುದರಿಂದ ಹಕ್ಕಿಯ ಮೈಬಣ್ಣವೂ ಚೆನ್ನಾಗಿ ಕಾಣುತ್ತದೆ.

ಅಳಿವೆ ದಾಟುವ ಹೊತ್ತನ್ನು ದೋಣಿ ನಡೆಸುವ ತಾಂಡೇಲನೇ ನಿರ್ಧರಿಸಲಿ. ಮಾಂಡವಿ ಮತ್ತು ಚಪೋರಾ ಬಾಯಿಯಲ್ಲಿ ಮರಳ ದಿಬ್ಬಗಳಿವೆ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಕಡಲಿನ ಅಲೆ ಎದುರಿನಿಂದ ಬಂದು ಬಡಿದರೆ, ಹೊರಗೆ ಸಪಾಟಾಗಿರುವ ದಿನವೂ ಅಲ್ಲಿ ಅಲೆ ಕಡಿದಾಗಿ ನಿಲ್ಲುತ್ತದೆ. ಭರತದ ಹೊತ್ತು ನೋಡಿ ದಾಟುವುದು ಕ್ಷೇಮ. ವಾಸ್ಕೊ ಕಡೆ ಬಂದರಿನ ಹಡಗುದಾರಿ ಆಳವಾಗಿರುವುದರಿಂದ ಈ ತಾಪತ್ರಯ ಕಡಿಮೆ, ಆದರೆ ದೊಡ್ಡ ಹಡಗುಗಳಿಂದ ದೂರವಿರಬೇಕು.

ದೋಣಿ, ತಾಂಡೇಲ, ಕಾಗದ

ಮೀನುಗಾರಿಕೆಯ ಟ್ರಾಲರ್ ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಹತ್ತಬೇಡಿ. ಅದಕ್ಕೆ ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಇರುವುದಿಲ್ಲ, ಏನಾದರೂ ಆದರೆ ವಿಮೆಯೂ ಇಲ್ಲ. ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಾಯಿಸಿದ ಪ್ರವಾಸಿ ದೋಣಿಯೇ ಆಗಬೇಕು. ಅಷ್ಟಕ್ಕೇ ನಿಲ್ಲಬೇಡಿ: ಆ ಪರವಾನಗಿ ಎಲ್ಲಿಯವರೆಗೆ ಎಂದು ಕಾಗದ ತರಿಸಿ ಓದಿ. ನದಿ ಮತ್ತು ದಂಡೆಯ ಸುತ್ತಾಟಕ್ಕಷ್ಟೇ ಅನುಮತಿ ಪಡೆದ ದೋಣಿಯನ್ನು ಮೂವತ್ತು ಕಿಲೋಮೀಟರ್ ಒಳಗೆ ಒಯ್ಯುವಂತಿಲ್ಲ. ಅಷ್ಟು ದೂರಕ್ಕೆ ಅರ್ಹವಾದ ದೋಣಿ ಹುಡುಕಲು, ಬೇಕಾದ ಅನುಮತಿ ಮಾಡಿಸಲು ಒಂದು ತಿಂಗಳು ಮೊದಲೇ ಕೈಹಚ್ಚಿ.

ದೋಣಿಯಲ್ಲಿ ನಿಂತು ಕಣ್ಣಾರೆ ನೋಡಬೇಕಾದವು: ತಲೆಗೊಂದರಂತೆ ಲೈಫ್ ಜಾಕೆಟ್ (ಬಕ್ಕಲ್ ಹಾಕಿ ನೋಡಿ, ತುಕ್ಕು ಹಿಡಿದಿದ್ದರೆ ಬದಲಿಸಲು ಹೇಳಿ), ಕೆಲಸ ಮಾಡುವ ವಿಎಚ್‌ಎಫ್ ರೇಡಿಯೊ, ಜಿಪಿಎಸ್, ಲಂಗರು ಮತ್ತು ಸಾಕಷ್ಟು ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್. ಔಟ್‌ಬೋರ್ಡ್ (ಎಂಜಿನ್ ಹಿಂಬದಿಗೆ ಹೊರಗೆ ತೂಗುವ) ದೋಣಿಯಾದರೆ ಎರಡು ಎಂಜಿನ್ ಇರಲಿ. ಇಂಧನದ ಲೆಕ್ಕ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಮೊದಲ ಪಾಲು ಮುಗಿದ ಕ್ಷಣ ಎಂಥ ಹಕ್ಕಿ ಕಂಡರೂ ಮೂತಿ ತಿರುಗಿಸಬೇಕು.

ಹನ್ನೆರಡು ಜನ ಹಿಡಿಸುವ ದೋಣಿಗೆ ಎಂಟು ಜನ ಸಾಕು. ಎಲ್ಲರೂ ಒಂದೇ ಬದಿಗೆ ಓಡಿದಾಗ ದೋಣಿ ವಾಲುತ್ತದೆ, ಮೊಣಕೈ ತಾಗದಂತೆ ಕ್ಯಾಮೆರಾ ಹಿಡಿಯಲೂ ಜಾಗ ಬೇಕು. ನೆರಳಿನ ಚಾವಣಿ ಅರ್ಧ ದೋಣಿಗಿದ್ದರೆ ಒಳ್ಳೆಯದು. ಪೂರ್ತಿ ಇದ್ದರೆ ತಲೆಯ ಮೇಲೆ ಹಾರುವ ಬೂಬಿ ಕಾಣುವುದೇ ಇಲ್ಲ. ಶೌಚದ ವ್ಯವಸ್ಥೆ ಇದೆಯೇ ಎಂದು ಸಂಕೋಚ ಬಿಟ್ಟು ಮೊದಲೇ ಕೇಳಿ. ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಬಿಸಿಲಿಗೆ ತಲೆ ಸುತ್ತಿ ಬೀಳುವುದುಂಟು.

ಬಾಡಿಗೆ ತಾಸಿನ ಲೆಕ್ಕದಲ್ಲಿರಲಿ. ‘ಡಾಲ್ಫಿನ್ ಕಾಣದಿದ್ದರೆ ದುಡ್ಡಿಲ್ಲ’ ಎಂಬ ಕರಾರಿಗೆ ಎಂದೂ ಒಪ್ಪಬೇಡಿ. ಆ ಕರಾರೇ ದೋಣಿಯವರನ್ನು ಪ್ರಾಣಿಯ ಬೆನ್ನಟ್ಟಲು ದೂಡುತ್ತದೆ. ತಾಂಡೇಲನಿಗೆ ಹಿಂದಿನ ದಿನವೇ ಬಿಡಿಸಿ ಹೇಳಿ: ‘ಅಣ್ಣಾ, ನಾವು ನೋಡಲು ಬಂದಿರುವುದು ಹಕ್ಕಿ. ನಿಧಾನ ಹೋಗೋಣ, ಹೇಳಿದಲ್ಲಿ ಎಂಜಿನ್ ನ್ಯೂಟ್ರಲ್‌ಗೆ ಹಾಕಿದರೆ ಸಾಕು.’ ಕಾರವಾರ, ಅಂಕೋಲಾ ಕಡೆಯವರು ಸಿಕ್ಕರಂತೂ ಮಾತಿಗೆ ತೊಡಕೇ ಇಲ್ಲ. ಎಲ್ಲಿ ನೀರಿನ ಬಣ್ಣ ಬದಲಾಗುತ್ತದೆ, ಎಲ್ಲಿ ಹಕ್ಕಿ ಮುಗಿಬೀಳುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು; ಕೇಳಿ, ಕೇಳಿದ್ದನ್ನು ನಂಬಿ.

ಎಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ, ಕರಾವಳಿ ಪೊಲೀಸರೋ ಕೋಸ್ಟ್ ಗಾರ್ಡ್‌ನವರೋ ತಡೆದು ಕೇಳಬಹುದು. ಹೆಸರುಗಳ ಪಟ್ಟಿ, ದೋಣಿಯ ನಂಬರ್, ಮರಳುವ ಹೊತ್ತು ಇಷ್ಟನ್ನೂ ದಂಡೆಯಲ್ಲಿರುವ ಒಬ್ಬರಿಗೆ ಕೊಟ್ಟು ಹೊರಡಿ. ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದು 1093. ದಂಡೆಯಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಆಮೇಲೆ ವಿಎಚ್‌ಎಫ್‌ನ 16ನೇ ಚಾನೆಲ್ಲೇ ಗತಿ. ನೌಕಾಪಡೆಯ ಹಡಗು, ಬಂದರಿನ ಕಡೆ ಕ್ಯಾಮೆರಾ ತಿರುಗಿಸಬೇಡಿ. ದಕ್ಷಿಣಕ್ಕೆ ಹೋದರೆ ಕಾರವಾರದ ಎದುರಿನ ಅಂಜದೀವ್ ದ್ವೀಪದ ಹತ್ತಿರ ಸುಳಿಯಬೇಡಿ.

ಹೊಟ್ಟೆ ಮತ್ತು ಸಾಮಾನು

ಕಡಲ ವಾಂತಿಗೆ ಗಟ್ಟಿಗ, ಹೆಡ್ಡ ಎಂಬ ಭೇದವಿಲ್ಲ. ಅವೋಮಿನ್ ಮಾತ್ರೆಯನ್ನು ಹೊರಡುವ ಒಂದೆರಡು ತಾಸು ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಅದು ತೂಕಡಿಕೆ ತರುತ್ತದೆ, ಹಾಗಾಗಿ ವಾಪಸ್ ಬಂದವರು ತಾವೇ ಕಾರು ಓಡಿಸಿಕೊಂಡು ಘಟ್ಟ ಹತ್ತುವ ಸಾಹಸ ಬೇಡ. ಮಕ್ಕಳಿಗೆ, ಬಸುರಿಯರಿಗೆ, ಬೇರೆ ಔಷಧ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳಿಯೇ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಪೂರಿ-ಭಜಿ ತಿಂದೂ ಹೋಗಬೇಡಿ. ಎರಡು ಇಡ್ಲಿ ಸಾಕು. ದೋಣಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯ ತಿನಿಸಿಲ್ಲ: ಒಣಗಿದ್ದು, ಕೆಡುವುದಿಲ್ಲ, ಒಂದು ಕೈಯಲ್ಲಿ ತಿನ್ನಬಹುದು. ತಲೆಗೆ ಎರಡು ಲೀಟರ್ ನೀರು. ಸಂಕಟ ಶುರುವಾದವರು ದೋಣಿಯ ನಡುಭಾಗಕ್ಕೆ ಬಂದು ದಿಗಂತವನ್ನೇ ನೋಡುತ್ತಿರಲಿ. ತಲೆ ಬಗ್ಗಿಸಿ ಕ್ಯಾಮೆರಾ ಪರದೆಯಲ್ಲಿ ಫೋಟೊ ತಿರುವಿದರೆ ಸಂಕಟ ಇಮ್ಮಡಿಯಾಗುತ್ತದೆ. ವಾಂತಿ ಬಂದರೆ ಗಾಳಿ ಬೆನ್ನಿಗಿರುವ ಬದಿಗೆ ಹೋಗಿ, ಯಾರಾದರೊಬ್ಬರು ಜಾಕೆಟ್ ಹಿಡಿದುಕೊಂಡಿರಲಿ.

ಬೈನಾಕ್ಯುಲರ್ 8×42 ಸರಿ. ಹತ್ತು ಪಟ್ಟಿನದು ದೋಣಿಯಲ್ಲಿ ನಡುಗುತ್ತದೆ. ಕ್ಯಾಮೆರಾಕ್ಕೆ 100-400 ತರಹದ ಜೂಮ್, ಶಟರ್ 1/2000ಕ್ಕಿಂತ ಕಡಿಮೆ ಬೇಡ, ಐಎಸ್‌ಒ ಆಟೊ, ಫೋಕಸ್ ನಿರಂತರದಲ್ಲಿ. ಕಪ್ಪು ಹಕ್ಕಿ ಬೆಳ್ಳನೆಯ ಆಕಾಶದೆದುರು ಬಂದಾಗ ಬರೀ ನೆರಳಾಗಿ ಬೀಳುತ್ತದೆ, ಆಗ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಏರಿಸಿ. ಟ್ರೈಪಾಡ್ ಬೇಡ. ಕಡಲಿನಲ್ಲಿ ಲೆನ್ಸ್ ಬಿಚ್ಚಬೇಡಿ.

ಕಡಲಿನಲ್ಲಿ ಎಲ್ಲಿ ನಿಲ್ಲಬೇಕು

ಗೋವಾದ ಎದುರು ಖಂಡಾವರಣ ಪ್ರದೇಶ, ಅಂದರೆ ದಂಡೆಗೆ ಹೊಂದಿಕೊಂಡ ಆಳ ಕಡಿಮೆಯ ಕಡಲತಳ, ಅಗಲ. ಮುಂಬೈ ಎದುರಿನಷ್ಟಲ್ಲ, ಆದರೂ ನಲವತ್ತು ಕಿಲೋಮೀಟರ್ ಹೋದರೂ ನೀರಿನ ಆಳ ನೂರು ಮೀಟರ್ ಮುಟ್ಟುವುದಿಲ್ಲ. ಆಳ ಕಡಲಿನ ಅಂಚು ಒಂದು ದಿನದ ದೋಣಿಗೆ ಎಟುಕದು. ಹಾಗಾಗಿ ಎಷ್ಟು ದೂರ ಹೋದಿರಿ ಅನ್ನುವುದಕ್ಕಿಂತ ಎಲ್ಲಿ ನಿಂತಿರಿ ಅನ್ನುವುದು ಮುಖ್ಯ. ಕಡಲು ಕಣ್ಣಿಗೆ ಒಂದೇ ಸಮ ಕಂಡರೂ ಊಟ ಅಲ್ಲಲ್ಲಿ ಮಾತ್ರ ಇರುತ್ತದೆ, ಹಕ್ಕಿಯೂ ಅಲ್ಲಲ್ಲೇ ಸೇರುತ್ತದೆ.

ಆ ಜಾಗ ತಿಳಿಯಲು ಒಂದು ಒಳದಾರಿ ಇದೆ. ನಿಷೇಧದ ಕಾಲ ಬಿಟ್ಟು ಉಳಿದ ದಿನಗಳಲ್ಲಿ ಇದೇ ಇನ್‌ಕಾಯ್ಸ್ ಮೀನುಗಾರರಿಗಾಗಿ ಮೀನು ಸಿಗಬಹುದಾದ ವಲಯಗಳ ಸೂಚನೆ ಹೊರಡಿಸುತ್ತದೆ. ಉಪಗ್ರಹ ಅಳೆದ ನೀರಿನ ಉಷ್ಣತೆ ಮತ್ತು ಹಸಿರಿನ ಅಂಶ ನೋಡಿ ಮಾಡಿದ ಲೆಕ್ಕ ಅದು. ಪ್ರತಿ ಮೀನುಬಂದರಿನಿಂದ ಯಾವ ದಿಕ್ಕು, ಎಷ್ಟು ಕಿಲೋಮೀಟರ್, ಎಷ್ಟು ಆಳ ಎಂದು ಪಟ್ಟಿಯಲ್ಲಿರುತ್ತದೆ. ಮೋಡವಿದ್ದರೆ ಸೂಚನೆ ಸಿಗದಿರಬಹುದು. ಸಿಕ್ಕರೆ, ನಿಮ್ಮ ದಾರಿಗೆ ಹತ್ತಿರದ ವಲಯವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. ಮೀನಿದ್ದಲ್ಲಿ ಹಕ್ಕಿ, ಹಕ್ಕಿಯಿದ್ದಲ್ಲಿ ಹಲವು ಸಲ ಡಾಲ್ಫಿನ್.

ಹೋಗುತ್ತ ಕಣ್ಣಿಡಬೇಕಾದ್ದು: ಮಣ್ಣುಬಣ್ಣದ ನೀರು ಮುಗಿದು ಹಸಿರೋ ನೀಲಿಯೋ ಶುರುವಾಗುವ ಗೆರೆ, ಉದ್ದಕ್ಕೂ ಕಸಕಡ್ಡಿ ಕೂಡಿಕೊಂಡ ನೊರೆಪಟ್ಟಿ, ಬಲೆ ಎಳೆಯುತ್ತಿರುವ ಟ್ರಾಲರ್. ನೊರೆಪಟ್ಟಿಯನ್ನು ಅಡ್ಡ ದಾಟಿ ಹೋಗಬೇಡಿ, ಅದರ ಗುಂಟ ನಿಧಾನ ಸಾಗಿ. ತೇಲುವ ಮರದ ತುಂಡಿನ ಮೇಲೆ ಬ್ರೈಡಲ್ಡ್ ಟರ್ನ್ ಕೂತಿರುತ್ತದೆ, ಪಕ್ಕದಲ್ಲಿ ಆಮೆ ಬೆನ್ನು ಕಾಯಿಸಿಕೊಳ್ಳುತ್ತಿರಬಹುದು. ಟ್ರಾಲರ್‌ಗೆ ಹತ್ತಿರ ಹೋಗುವಾಗ ಬಲೆಯ ಹಗ್ಗ ಎತ್ತ ಚಾಚಿದೆ ಎಂದು ಮೊದಲು ನೋಡಿ. ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ದಿನ ಮುಗಿದಂತೆ.

ಸ್ಟಾರ್ಮ್ ಪೆಟ್ರೆಲ್‌ಗಳನ್ನು ವಾಸನೆಯಿಂದ ಹತ್ತಿರ ಸೆಳೆಯಬಹುದು. ಅವಕ್ಕೂ ಶಿಯರ್‌ವಾಟರ್‌ಗಳಿಗೂ ಮೂಗು ಬಲು ಚುರುಕು, ಕಿಲೋಮೀಟರ್‌ಗಟ್ಟಲೆ ದೂರದಿಂದ ವಾಸನೆ ಹಿಡಿದು ಬರುತ್ತವೆ. ಹಿಂದಿನ ಸಂಜೆ ಬೆತಿಮ್ ಬಳಿಯ ಮಾಲಿಂ ಜೆಟ್ಟಿಯಲ್ಲೋ ವಾಸ್ಕೊದ ಖಾರಿವಾಡೊದಲ್ಲೋ ಐದು ಕಿಲೋ ತಾರ್ಲೆ, ಬಂಗುಡೆಯ ತಲೆ-ಕರುಳು ಕೇಳಿ ತನ್ನಿ. ಸಣ್ಣಗೆ ಕೊಚ್ಚಿ, ಒಂದು ಲೀಟರ್ ಮೀನೆಣ್ಣೆ ಬೆರೆಸಿ, ಮುಚ್ಚಳದ ಬಕೆಟ್‌ನಲ್ಲಿಡಿ. ಅದಕ್ಕೆ ಒಂದು ಸೇರು ಚುರುಮುರಿ ಕಲೆಸಿ. ಚುರುಮುರಿ ಎಣ್ಣೆ ಕುಡಿದು ತೇಲುತ್ತದೆ, ವಾಸನೆಯನ್ನು ನೀರಿನ ಮೇಲ್ಮೈಯಲ್ಲೇ ಹಿಡಿದಿಡುತ್ತದೆ. ಬರೀ ಮೀನು ಹಾಕಿದರೆ ಮುಳುಗಿಬಿಡುತ್ತದೆ.

ಇಪ್ಪತ್ತೈದು ಕಿಲೋಮೀಟರ್ ದಾಟಿದ ಮೇಲೆ, ಆಸುಪಾಸು ಡಾಲ್ಫಿನ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಪ್ರತಿ ಎರಡು ನಿಮಿಷಕ್ಕೆ ಒಂದು ಸೌಟಿನಂತೆ ಚೆಲ್ಲಿ. ಒಮ್ಮೆಗೇ ಬಕೆಟ್ ಮಗುಚುವುದು ಎಲ್ಲರೂ ಮಾಡುವ ತಪ್ಪು: ದೋಣಿಯೂ ನೀರೂ ಬೇರೆ ಬೇರೆ ವೇಗದಲ್ಲಿ ಸರಿಯುವುದರಿಂದ ವಾಸನೆಯ ದಾರಿ ಅಲ್ಲೇ ತುಂಡಾಗುತ್ತದೆ. ಹಕ್ಕಿ ಬರುವುದು ಗಾಳಿ ಬೀಸಿ ಹೋಗುವ ದಿಕ್ಕಿನಿಂದ, ಎದುರುಗಾಳಿಗೆ. ಎಲ್ಲರೂ ಆ ಕಡೆಗೇ ಕಣ್ಣಿಡಿ. ಮೊದಲ ಇಪ್ಪತ್ತು ನಿಮಿಷ ಏನೂ ಬಾರದಿದ್ದರೆ ಗಾಬರಿಯಾಗಬೇಡಿ, ಮುಕ್ಕಾಲು ತಾಸು ಕಾಯಿರಿ. ಆಗಲೂ ಬಾರದಿದ್ದರೆ ನಾಲ್ಕೈದು ಕಿಲೋಮೀಟರ್ ಸರಿದು ಮತ್ತೆ ಶುರು ಮಾಡಿ. ಪ್ಲಾಸ್ಟಿಕ್ ಚೀಲದ ಒಂದು ಚೂರೂ ನೀರಿಗೆ ಬೀಳಬಾರದು.

ಕೂಗಿ ಹೇಳುವ ರೀತಿ

ಕಡಲಿನಲ್ಲಿ ‘ಅಲ್ಲಿ ನೋಡು’ ಅಂದರೆ ಯಾರಿಗೂ ಏನೂ ಕಾಣುವುದಿಲ್ಲ, ಅಲ್ಲಿ ಎನ್ನಲು ಮರವಿಲ್ಲ, ಕಂಬವಿಲ್ಲ. ದೋಣಿಯ ಮೂತಿ ಹನ್ನೆರಡು ಗಂಟೆ ಎಂದಿಟ್ಟುಕೊಳ್ಳಿ. ‘ಎರಡು ಗಂಟೆ, ನೀರಿಗೆ ಹತ್ತಿರ, ಇನ್ನೂರು ಮೀಟರ್, ಎಡಕ್ಕೆ ಹಾರುತ್ತಿದೆ’ ಎಂದು ಒಂದೇ ಉಸಿರಿಗೆ ಹೇಳಿ. ನಾಲ್ವರು ನಾಲ್ಕು ದಿಕ್ಕು ಹಂಚಿಕೊಂಡು ಬರಿಗಣ್ಣಿನಿಂದ ನೋಡುತ್ತಿರಬೇಕು, ಅರ್ಧ ತಾಸಿಗೊಮ್ಮೆ ಬದಲಾಗಬೇಕು. ಹೆಸರು ಹಿಡಿಯುವುದು ಆಮೇಲೆ. ಮೊದಲು ಎರಡು ಫೋಟೊ.

ಗುರುತಿಗೆ ತೊಡಕು ಕೊಡುವವು ಕೆಲವೇ. ಸ್ಟಾರ್ಮ್ ಪೆಟ್ರೆಲ್‌ನ ಸೊಂಟದಲ್ಲಿ ಬಿಳಿ ಪಟ್ಟಿ ಇದ್ದು ಕಾಲು ಬಾಲದಾಚೆ ಚಾಚಿದ್ದರೆ ವಿಲ್ಸನ್ಸ್. ಮೈಯೆಲ್ಲ ಕಪ್ಪಾಗಿ, ಬಾಲ ಕವಲಾಗಿದ್ದರೆ ಸ್ವಿನ್‌ಹೋಸ್. ಕಡುಕಂದು ಶಿಯರ್‌ವಾಟರ್‌ಗೆ ತಿಳಿಗುಲಾಬಿ ಕೊಕ್ಕು, ಅದರ ತುದಿ ಕಪ್ಪು ಇದ್ದರೆ ಫ್ಲೆಶ್-ಫುಟೆಡ್. ಕೊಕ್ಕು ಬೂದು, ತೆಳು, ಬಾಲ ಉದ್ದ ಇದ್ದರೆ ವೆಜ್-ಟೇಲ್ಡ್. ಗಾತ್ರದಲ್ಲಿ ಚಿಕ್ಕದು, ಕೊಕ್ಕು ಕಪ್ಪು ಮತ್ತು ದಪ್ಪ ಆಗಿದ್ದರೆ ಜೊವಾನಿನ್ಸ್ ಪೆಟ್ರೆಲ್ ಇರಬಹುದು, ಫೋಟೊ ಇಲ್ಲದೆ ಅದನ್ನು ಬರೆಯಬೇಡಿ. ಬ್ರೈಡಲ್ಡ್ ಟರ್ನ್‌ನ ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಹೋಗುತ್ತದೆ, ಬೆನ್ನು ಬೂದುಗಂದು. ಸೂಟಿ ಟರ್ನ್‌ನ ಬಿಳಿ ಹಣೆಗೇ ಮುಗಿಯುತ್ತದೆ, ಬೆನ್ನು ಕಪ್ಪು. ಜುಟ್ಟಿನ ಟರ್ನ್‌ಗಳಲ್ಲಿ ಕೊಕ್ಕು ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಹಳದಿಯಾಗಿ ಹಕ್ಕಿಯೂ ದೊಡ್ಡದಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಾದರೆ ಸ್ಯಾಂಡ್‌ವಿಚ್.

ತಿಮಿಂಗಿಲ, ಡಾಲ್ಫಿನ್ ಎದುರಾದರೆ

ಮೊದಲು ಕಾಣುವುದು ಉಸಿರಿನ ತುಂತುರು, ಕ್ಷಣದಲ್ಲಿ ಕರಗುವ ಬಿಳಿ ಕಂಬ. ತಕ್ಷಣ ದಿಕ್ಕು ಕೂಗಿ, ವೇಗ ಇಳಿಸಿ. ನೀಲಿ ತಿಮಿಂಗಿಲದ ಉಸಿರು ಒಂಬತ್ತು ಮೀಟರ್‌ವರೆಗೂ ನೆಟ್ಟಗೆ ಏರುತ್ತದೆ, ಬೆನ್ನಿನ ರೆಕ್ಕೆ ತೀರಾ ಚಿಕ್ಕದು, ಬಹಳ ಹಿಂದಿರುತ್ತದೆ. ಬ್ರೈಡ್ಸ್‌ಗೆ ಕುಡುಗೋಲಿನಂತೆ ಬಾಗಿದ ರೆಕ್ಕೆ, ತಲೆಯ ಮೇಲೆ ಮೂರು ಏಣು. ಮುಳುಗುವಾಗ ಬಾಲ ಎತ್ತುವುದಿಲ್ಲ. ಬಾಲ ಎತ್ತಿ ಮುಳುಗಿತು, ಪಕ್ಕದ ರೆಕ್ಕೆ ಉದ್ದವಿತ್ತು ಅಂದರೆ ಹಂಪ್‌ಬ್ಯಾಕ್. ಆ ಬಾಲದ ಅಡಿಭಾಗದ ಫೋಟೊ ತೆಗೆಯಲೇಬೇಕು, ಒಂದೊಂದರ ಗುರುತೂ ಬೇರೆಯಾದ್ದರಿಂದ ಸಂಶೋಧಕರಿಗೆ ಅದೇ ಬೇಕು.

ತಿಮಿಂಗಿಲಕ್ಕೆ ನೂರು ಮೀಟರ್, ಡಾಲ್ಫಿನ್‌ಗೆ ಐವತ್ತು ಮೀಟರ್ ಒಳಗೆ ದೋಣಿ ಹೋಗಬಾರದು. ಮುನ್ನೂರು ಮೀಟರ್‌ನಿಂದಲೇ ನಡಿಗೆಯ ವೇಗಕ್ಕಿಳಿದು, ಪಕ್ಕದಿಂದ, ಅದು ಹೋಗುವ ದಿಕ್ಕಿಗೆ ಸಮಾನಾಂತರವಾಗಿ ಸಾಗಿ. ಎದುರಿನಿಂದ ಅಡ್ಡಗಟ್ಟುವುದು, ಹಿಂದಿನಿಂದ ಅಟ್ಟುವುದು, ತಾಯಿ-ಮರಿಯ ನಡುವೆ ನುಗ್ಗುವುದು ಕೂಡದು. ತಾನಾಗಿ ಹತ್ತಿರ ಬಂದರೆ ನ್ಯೂಟ್ರಲ್‌ನಲ್ಲಿ ನಿಂತುಬಿಡಿ. ಇಪ್ಪತ್ತು ನಿಮಿಷ ನೋಡಿ ಬಿಟ್ಟು ಹೊರಡಿ. ಮತ್ತೆ ಮತ್ತೆ ದಿಕ್ಕು ಬದಲಿಸಿದರೆ, ಮುಳುಗಿರುವ ಹೊತ್ತು ಹೆಚ್ಚಾಗುತ್ತ ಹೋದರೆ, ಬಾಲದಿಂದ ನೀರು ಬಡಿದರೆ ಅದಕ್ಕೆ ನಿಮ್ಮಿಂದ ತೊಂದರೆಯಾಗುತ್ತಿದೆ ಎಂದು ತಿಳಿದು ಆ ಕ್ಷಣವೇ ದೂರ ಸರಿಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿರುವ ಪ್ರಾಣಿಗಳು ಇವು, ಹುಲಿಗಿರುವಷ್ಟೇ ರಕ್ಷಣೆ ಇವಕ್ಕೂ ಇದೆ. ಗೋವಾದ ಡಾಲ್ಫಿನ್‌ಗಳನ್ನು ದಿನವೂ ಹತ್ತಾರು ದೋಣಿಗಳು ಸುತ್ತುವರಿಯುತ್ತವೆ. ಆ ಗುಂಪಿಗೆ ನಿಮ್ಮದೂ ಒಂದು ಸೇರದಿರಲಿ.

ದಾಖಲೆ

ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ಕಡಲ ಪಯಣಕ್ಕೆ ಪೆಲಾಜಿಕ್ ಎಂಬ ಪ್ರತ್ಯೇಕ ಬಗೆ ಇದೆ. ದಂಡೆಯಿಂದ ಸುಮಾರು 3.2 ಕಿಲೋಮೀಟರ್ ದಾಟಿದ ಮೇಲೆ ಅದನ್ನು ಆರಿಸಿ, ತಾಸಿಗೊಂದು ಹೊಸ ಪಟ್ಟಿ ತೆರೆಯಿರಿ. ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡಿದರೆ ಯಾವ ಹಕ್ಕಿ ದಂಡೆಯಲ್ಲಿತ್ತು, ಯಾವುದು ನಡುಗಡಲಲ್ಲಿತ್ತು ತಿಳಿಯುವುದಿಲ್ಲ. ಇದಕ್ಕೆಂದೇ ಒಬ್ಬರನ್ನು ನೇಮಿಸಿ, ಅವರಿಗೆ ಅಂದು ಕ್ಯಾಮೆರಾ ಬೇಡ. ಸಿಗ್ನಲ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಒಂದು ಪವರ್ ಬ್ಯಾಂಕ್ ಇರಲಿ. ತಿಮಿಂಗಿಲ, ಡಾಲ್ಫಿನ್‌ಗಳ ವಿವರವನ್ನು ಭಾರತದ ಕಡಲ ಸಸ್ತನಿಗಳ ದತ್ತಾಂಶ ಜಾಲತಾಣಕ್ಕೂ ಕಳಿಸಿ: ಹೊತ್ತು, ಜಾಗ, ಎಷ್ಟಿದ್ದವು, ಮರಿ ಇತ್ತೇ, ಎತ್ತ ಸಾಗಿದವು. ಒಂದೂ ಕಾಣದ ತಾಸುಗಳ ಪಟ್ಟಿಯನ್ನೂ ಹಾಗೇ ಸೇರಿಸಿ.

ಮನೆ ಮುಟ್ಟಿದ ಸಂಜೆಯೇ ಬೈನಾಕ್ಯುಲರ್, ಲೆನ್ಸಿನ ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಗಾಜಿನ ಮೇಲಿನ ಉಪ್ಪನ್ನು ಒಣಬಟ್ಟೆಯಿಂದ ತಿಕ್ಕಿದರೆ ಲೇಪ ಗೀರಿಹೋಗುತ್ತದೆ. ಮೊದಲು ಹನಿ ನೀರಿನಿಂದ ಕರಗಿಸಿ, ಆಮೇಲೆ ಒರೆಸಿ.